ಹರಿಣಾಕ್ಷಿಯ ಮದುವೆಗೆ ಹೆಣೆದ ಗೊಂಬೆ

ಗೊಂಬೆಯ ಬಟ್ಟೆ ಬಿಚ್ಚಲು ಬರಬೇಕು ಎಂದು ಮೊದಲು ಹಟ ಹಿಡಿದದ್ದು ಮೇಘಾ ಎಂಬ ನಾಲ್ಕು ವರ್ಷದ ಹುಡುಗಿ. ನಾನಾಗ ನರಿಕೊಂಬಿನ ಅಂಗನವಾಡಿಯಲ್ಲಿ ಟೀಚರ್ ಆಗಿದ್ದೆ. ಪಕ್ಕದ ಮನೆಯ ಪ್ರೇಮಾವತಿ, ಮಕ್ಕಳಿಗೆ ಆಡಲಿಕ್ಕೆ ಇರಲಿ ಎಂದು, ಉಲ್ಲನ್ ನೂಲಿನಲ್ಲಿ ಒಂದು ಗೊಂಬೆ ಹೆಣೆದು ತಂದು ಕೊಟ್ಟಿದ್ದರು. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಪ್ರೇಮಕ್ಕ ಅದನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಬಂದ ಚಂದ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಮೇಘಾ ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಅಂಗಿ ಎಳೆದಳು. ಅಂಗಿ ಬರಲಿಲ್ಲ, ಮೈಗೆ ಸೇರಿಸಿಯೇ ಹೆಣೆದಿತ್ತು. ಇದಕ್ಕೆ ಸ್ನಾನ ಮಾಡಿಸುವುದು ಹೇಗೆ, ಒದ್ದೆಯಾದರೆ ಅಂಗಿ ಬದಲಿಸುವುದು ಹೇಗೆ ಎಂದು ಕೇಳಿ ಅತ್ತು ರಂಪ ಮಾಡಿದಳು. ನಾನು ಗದರಿಸಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು, ಊರಿಗೆಲ್ಲ ಗೊತ್ತಿರುವ ವಿಷಯ. ಪ್ರೇಮಕ್ಕ ಮಾತ್ರ ಹುಡುಗಿ ಹೇಳುವುದು ಸರಿ ಎಂದು ಗೊಂಬೆಯನ್ನು ವಾಪಸು ಕೊಂಡುಹೋದರು.

ಆಮೇಲೆ ಅವರು ಹೆಣೆದ ಗೊಂಬೆಗಳಿಗೆಲ್ಲ ಬಿಚ್ಚುವ ಬಟ್ಟೆಯೇ. ಮೊದಲು ಮೈ. ಗೋಧಿ ಬಣ್ಣದ ಇಲ್ಲವೇ ಕಂದು ಬಣ್ಣದ ನೂಲಿನಲ್ಲಿ ಹೆಣೆದು ಒಳಗೆ ಬೂರುಗದ ಹತ್ತಿ ತುಂಬುತ್ತಿದ್ದರು. ಆಮೇಲೆ ಚಡ್ಡಿ, ಫ್ರಾಕು, ಸ್ವೆಟರು, ಕಿವಿ ಮುಚ್ಚುವ ಟೊಪ್ಪಿ. ಚಡ್ಡಿ ಇಲ್ಲದ ಗೊಂಬೆಯನ್ನು ಅವರು ಮನೆಯಿಂದ ಹೊರಗೆ ಕಳುಹಿಸಿದವರಲ್ಲ. ಕಣ್ಣಿಗೆ ಮಣಿ ಕೂರಿಸುತ್ತಿರಲಿಲ್ಲ, ಮಕ್ಕಳು ನುಂಗಿಬಿಟ್ಟರೆ ಎಂಬ ಹೆದರಿಕೆ. ನೂಲಿನಲ್ಲೇ ಕಣ್ಣು ಬರೆಯುತ್ತಿದ್ದರು. ಬಟ್ಟೆಯ ಗುಬ್ಬಿ, ಅಂದರೆ ಗುಂಡಿ, ದೊಡ್ಡದು, ಕಾಜ ಸಡಿಲ, ಸಣ್ಣ ಬೆರಳಿಗೆ ಸುಲಭವಾಗಲಿ ಎಂದು. ಬಟ್ಟೆ ಬಿಚ್ಚಲು ಬಂದರೆ ಮಾತ್ರ ಮಕ್ಕಳು ಅದನ್ನು ಮಗು ಎಂದು ನಂಬುತ್ತವೆ ಎಂದು ಅವರು ಹೇಳುತ್ತಿದ್ದರು. ಇಪ್ಪತ್ತು ವರ್ಷ ಮಕ್ಕಳ ಜೊತೆ ಕಳೆದ ನನಗೆ ಅದು ಹೊಳೆದಿರಲಿಲ್ಲ.

ಪ್ರೇಮಕ್ಕ ಬೀಡಿ ಕಟ್ಟುತ್ತಿದ್ದವರು. ಮಾಣಿಯಿಂದ ಮದುವೆಯಾಗಿ ಈ ಊರಿಗೆ ಬಂದಲ್ಲಿಂದ ಬೀಡಿ ಎಲೆಯ ಗೆರಸೆಯನ್ನು ಮಡಿಲಲ್ಲಿಟ್ಟು ಕೂತವರು. ಗಂಡ ಮುಂಡಪ್ಪಣ್ಣ ಬಿ.ಸಿ.ರೋಡಿನ ಹೋಟೆಲೊಂದರಲ್ಲಿ ಅಡುಗೆಯವರು, ಮಾತು ಬಲು ಕಡಿಮೆ. ಬೀಡಿಯ ಕೆಲಸ ಇಳಿದಾಗ ಸಂಘದ ತರಬೇತಿಯಲ್ಲಿ ಕಲಿತ ಹೆಣಿಗೆ ಪ್ರೇಮಕ್ಕನ ಕೈಹಿಡಿಯಿತು. ಬಂಟ್ವಾಳ ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿರುವ ಅಬ್ದುಲ್ ಶುಕೂರ್ ನೂಲು ಕೊಡುತ್ತಿದ್ದರು, ಆದ ಗೊಂಬೆಗಳನ್ನು ಅಂಗಡಿಯ ಎದುರಿಗೆ ತೂಗುಹಾಕಿ ಮಾರುತ್ತಲೂ ಇದ್ದರು. ಮೂಡುಬಿದಿರೆಯ ನನ್ನ ತವರಿನ ಮಕ್ಕಳೆಲ್ಲ ಪ್ರೇಮಕ್ಕನ ಗೊಂಬೆಗೆ ಬಟ್ಟೆ ಹಾಕಿ ಬಿಚ್ಚಿಯೇ ಗುಬ್ಬಿ ಹಾಕಲು ಕಲಿತದ್ದು.

ಈ ಪ್ರೇಮಕ್ಕನಿಗೆ ಇಬ್ಬರು ಮಕ್ಕಳು. ಊರಿನವರು ಒಬ್ಬನೇ ಎಂದು ಲೆಕ್ಕ ಹಾಕುತ್ತಿದ್ದರು. ಮಗ ಶೋಧನ್, ಬಿ.ಸಿ.ರೋಡಿನಲ್ಲಿ ಮೊಬೈಲು ರಿಪೇರಿಯ ಅಂಗಡಿ. ಅವನಿಗಿಂತ ಮೊದಲು ಒಬ್ಬಳು ಹುಟ್ಟಿದ್ದಳು, ಹರಿಣಾಕ್ಷಿ. ಏಳು ತಿಂಗಳಾಗಿದ್ದಾಗ ಜ್ವರ ಬಂದು, ಬಸ್ಸು ಸಿಗುವ ಮೊದಲು ತಾಯಿಯ ತೋಳಿನಲ್ಲೇ ಹೋಗಿಬಿಟ್ಟಳು. ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಪ್ರೇಮಕ್ಕ ಅವಳ ವಿಷಯ ಆಡುತ್ತಿದ್ದದ್ದು ವರ್ಷದಲ್ಲಿ ಒಂದು ಸಲ, ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ. ಆಗ ಇಲ್ಲಿನ ಮನೆಗಳಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಪ್ರೇಮಕ್ಕ ಅತ್ತೆಗೊಂದು, ಮಾವನಿಗೊಂದು ಎಲೆ ಹಾಕಿ, ಪಕ್ಕದಲ್ಲಿ ಬಾಳೆಯ ತುದಿಯ ಸಣ್ಣ ಎಲೆಯೊಂದನ್ನು ಹರಿಣಾಕ್ಷಿಗೆ ಹಾಕುತ್ತಿದ್ದರು. ಬಡಿಸಿ ಬಾಗಿಲು ಮುಚ್ಚಿ ಹೊರಗೆ ಬಂದು ಕೂರುವಾಗ ಅವರ ಮುಖದಲ್ಲಿ ಮಗಳು ಮನೆಗೆ ಬಂದ ತಾಯಿಯ ಸಂತೋಷವೇ ಇರುತ್ತಿತ್ತು. ಆವತ್ತು ನಾನು ಏನು ತಮಾಷೆ ಮಾಡಿದರೂ ನಗುತ್ತಿದ್ದರು.

ಶೋಧನ್ ಮದುವೆಯಾದ. ಹುಡುಗಿ ಸಾತ್ವಿಕಾ, ಮಡಂತ್ಯಾರಿನ ಕಡೆಯವಳು, ಒಳ್ಳೆಯವಳು. ಎರಡು ಸಲ ಗರ್ಭ ನಿಂತು ಎರಡು ಸಲವೂ ಉಳಿಯಲಿಲ್ಲ. ಎರಡನೆಯ ಸಲವಂತೂ ಪ್ರೇಮಕ್ಕ ಗೊಂಬೆಗಳನ್ನೆಲ್ಲ ಬದಿಗಿಟ್ಟು ನಿಜವಾದ ಮಗುವಿನ ಟೊಪ್ಪಿ ಹೆಣೆಯಲು ಕೂತಿದ್ದರು. ಡಾಕ್ಟರು ಕಾರಣ ಹೇಳಿದರು, ಮದ್ದು ಕೊಟ್ಟರು. ಕುಟುಂಬದವರಿಗೆ ಅಷ್ಟು ಸಾಲಲಿಲ್ಲ. ಬೆಳ್ತಂಗಡಿಯ ಕಡೆಯ ಜೋಯಿಸರ ಹತ್ತಿರ ಹೋಗಿ ಪ್ರಶ್ನೆ ಇಡಿಸಿದರು. ಮನೆಯಲ್ಲಿ ಒಂದು ಹೆಣ್ಣು ಮದುವೆಯ ವಯಸ್ಸಿಗೆ ಬಂದು ಕೂತಿದೆ, ಅದಕ್ಕೆ ಮದುವೆಯಾಗದೆ ತಮ್ಮನ ತೊಟ್ಟಿಲು ತೂಗಲು ಬಿಡುವುದಿಲ್ಲ ಎಂದು ಕಂಡಿತಂತೆ.

ಸಣ್ಣದರಲ್ಲೇ ಸತ್ತ ಮಕ್ಕಳು ಅಲ್ಲಿಗೇ ನಿಲ್ಲುವುದಿಲ್ಲ, ನಮ್ಮ ಹಾಗೆಯೇ ವರ್ಷ ವರ್ಷ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಮದುವೆ ಕೇಳುತ್ತಾರೆ ಎಂಬುದು ಇಲ್ಲಿಯವರ ನಂಬಿಕೆ. ಸತ್ತ ಹುಡುಗನನ್ನೇ ಹುಡುಕಿ, ಜಾತಕ ನೋಡಿ, ನಿಶ್ಚಯ ಮಾಡಿ, ದಿಬ್ಬಣ ಬಂದು ನಡೆಯುವ ಮದುವೆ ಅದು. ತುಳುವಿನಲ್ಲಿ ಕುಲೆ ಮದಿಮೆ, ಪ್ರೇತಗಳ ಮದುವೆ, ಎನ್ನುತ್ತಾರೆ. ನಾನು ಜೈನರವಳು, ನಮ್ಮ ಮನೆಯಲ್ಲಿ ಈ ಕ್ರಮ ಇಲ್ಲ. ಸಾತ್ವಿಕಾಳ ಹೊಟ್ಟೆಯ ಕಷ್ಟಕ್ಕೆ ಏಳು ತಿಂಗಳ ಶಿಶುವಿನ ಮೇಲೆ ಅಪವಾದವೇ ಎಂದು ನಾನು ಮುಂಡಪ್ಪಣ್ಣನ ಎದುರಿಗೇ ಹೇಳಿದೆ. ಅವರು ಎದ್ದು ದನದ ಹಟ್ಟಿಯ ಕಡೆ ಹೋದರು.

ಪ್ರೇಮಕ್ಕನ ಸಂಕಟ ಬೇರೆಯೇ ಇತ್ತು. ಅವರು ನಂಬದೆ ಬೇಡ ಎಂದದ್ದಲ್ಲ, ಪೂರ್ತಿ ನಂಬಿಯೇ ಬೇಡ ಎಂದರು. ಬದುಕಿರುವ ಮಗಳನ್ನು ಮದುವೆ ಮಾಡಿ ಕೊಟ್ಟರೆ ಅವಳು ಹಬ್ಬಕ್ಕೆ ಬರುತ್ತಾಳೆ, ಬಾಣಂತನಕ್ಕೆ ಬರುತ್ತಾಳೆ. ಸತ್ತವಳನ್ನು ಕೊಟ್ಟರೆ ಮುಗಿಯಿತು. ಅವಳ ಎಲೆ ಅಲ್ಲಿಂದ ಮುಂದೆ ಗಂಡನ ಮನೆಯಲ್ಲಿ. ಆಟಿಯಲ್ಲಿ ಅವಳು ಬರುವುದು ಅಲ್ಲಿಗೆ, ಉಣ್ಣುವುದು ಆ ತಾಯಿಯ ಕೈಯಲ್ಲಿ. ತವರಿನಲ್ಲಿ ಬಡಿಸಬಾರದು, ಬಡಿಸಿದರೆ ಎರಡು ಮನೆಯ ನಡುವೆ ಅವಳು ಅಲೆಯಬೇಕಾಗುತ್ತದೆ. ಪ್ರೇಮಕ್ಕನಿಗೆ ಮಗಳೆಂದು ಉಳಿದದ್ದು ಆ ಒಂದು ಎಲೆ. ಕುಟುಂಬದವರು ಅದನ್ನೇ ಕೇಳುತ್ತಿದ್ದರು.

ಸಾತ್ವಿಕಾ ಒಂದು ದಿನ ಅತ್ತೆಯ ಹತ್ತಿರ ಬಂದು ಕೂತಳಂತೆ. "ಬೇಡ ಅತ್ತೆ. ನಿಮಗೆ ಮನಸ್ಸಿಲ್ಲದ್ದನ್ನು ನನಗೋಸ್ಕರ ಮಾಡುವುದು ಬೇಡ. ಮಕ್ಕಳಾಗದಿದ್ದರೆ ಇಲ್ಲ," ಎಂದಳಂತೆ. ಆ ಹುಡುಗಿ ಬಾಯಿಬಿಟ್ಟು ಮಾಡಿ ಎಂದು ಕೇಳಿದ್ದರೆ ಪ್ರೇಮಕ್ಕ ಇನ್ನಷ್ಟು ಹಟ ಹಿಡಿಯುತ್ತಿದ್ದರೋ ಏನೋ. ಬೇಡ ಎಂದದ್ದೇ ಅವರನ್ನು ಸೋಲಿಸಿತು. ಮಾರನೆಯ ದಿನ ನನ್ನಲ್ಲಿಗೆ ಬಂದು, ಒಪ್ಪಿದ್ದೇನೆ ಎಂದರು. ಆದರೆ ಒಂದು ಷರತ್ತು ಹಾಕಿದ್ದರು. ಇಂಥ ಮದುವೆಗೆ ಬೈಹುಲ್ಲು ಕಟ್ಟಿ ಸೀರೆ ಸುತ್ತಿದ ರೂಪ ಇಡುವುದು ಆ ಕುಟುಂಬದ ಕ್ರಮ. ಪ್ರೇಮಕ್ಕ ಹುಲ್ಲಿಗೆ ಒಪ್ಪಲಿಲ್ಲ.

"ಊರಿನ ಮಕ್ಕಳಿಗೆಲ್ಲ ಹೆಣೆದು ಕೊಟ್ಟೆ ಟೀಚರೇ. ನನ್ನ ಮಗಳನ್ನು ಹುಲ್ಲಿನಲ್ಲಿ ಕಟ್ಟಿ ಕಳಿಸುವುದಾ?"

ಹುಡುಗ ಸಿಕ್ಕಿದ್ದು ಮಡಂತ್ಯಾರಿನ ಹತ್ತಿರದ ಒಂದು ಮನೆಯಲ್ಲಿ. ಪ್ರದೀಪ ಎಂದು ಹೆಸರು, ಆರು ವರ್ಷದವನಿದ್ದಾಗ ಕೆರೆಗೆ ಬಿದ್ದು ಹೋದವನು. ಅವನ ತಾಯಿ ಗುಲಾಬಿಯಕ್ಕ ಒಂದು ಬೆಳಿಗ್ಗೆ ಒಬ್ಬರೇ ಬಸ್ಸು ಹಿಡಿದು ನರಿಕೊಂಬಿಗೆ ಬಂದರು. ಹುಡುಗಿಯನ್ನು ಹೆಣೆಯುತ್ತೀರಂತೆ, ನನ್ನ ಮಗನನ್ನೂ ನಿಮ್ಮ ಕೈಯಲ್ಲೇ ಮಾಡಿಕೊಡುತ್ತೀರಾ ಎಂದು ಕೇಳಲು. ನಾನೂ ಅಲ್ಲೇ ಇದ್ದೆ. ಅವನು ಸ್ವಲ್ಪ ಕಪ್ಪು, ಕಿವಿ ದೊಡ್ಡದು, ಕೂದಲು ನೆತ್ತಿಯಲ್ಲಿ ನಿಲ್ಲುತ್ತಿರಲಿಲ್ಲ, ನಗುವಾಗ ಬಾಯಿ ಒಂದು ಕಡೆಗೆ ಹೋಗುತ್ತಿತ್ತು ಎಂದು ಗುಲಾಬಿಯಕ್ಕ ಒಂದೊಂದೇ ಹೇಳಿದರು. ಬೆಳೆದಿದ್ದರೆ ತನ್ನ ಅಣ್ಣನಷ್ಟು ಎತ್ತರ ಆಗುತ್ತಿದ್ದನಂತೆ. ಪ್ರೇಮಕ್ಕ ನೂಲುಗಳನ್ನು ಹರಡಿ ಅವರ ಕೈಯಿಂದಲೇ ಬಣ್ಣ ಆರಿಸಿದರು. ಹೋಗುವಾಗ ಗುಲಾಬಿಯಕ್ಕ, ನಿಮ್ಮ ಮಗಳು ಹೇಗಿದ್ದಳು ಎಂದು ಕೇಳಿದರು. ಪ್ರೇಮಕ್ಕ, ಬೆಚ್ಚಗಿದ್ದಳು ಎಂದರು. ಹೇಳಲಿಕ್ಕೆ ಅವರ ಹತ್ತಿರ ಇದ್ದದ್ದು ಅಷ್ಟೇ.

ಹುಡುಗ ಬೇಗ ಆದ. ಮೊಳದುದ್ದ, ಪಂಚೆ, ಶರ್ಟು, ಶಲ್ಯ, ದೊಡ್ಡ ಕಿವಿ, ಒಂದು ಕಡೆಗೆ ಎಳೆದ ನಗು. ಹುಡುಗಿಯೂ ಆದಳು. ಕ್ರಮ ಬಲ್ಲ ಹಿರಿಯರು ಕುಟುಂಬದ ದೂಮಪ್ಪಣ್ಣ. ಅವರು ಬಂದು ನೋಡಿ, ತಲೆ ಕೆರೆದು, "ಇದು ತೊಟ್ಟಿಲ ಬಾಲೆ ಆಯ್ತಲ್ಲ ಪ್ರೇಮ. ಮದುಮಗಳು ಎಲ್ಲಿ?" ಎಂದರು.

ನೋಡಿದರೆ ಹೌದು. ದೊಡ್ಡ ತಲೆ, ಉಬ್ಬಿದ ಕೆನ್ನೆ, ಗಿಡ್ಡ ಕಾಲು, ಗುಂಡು ಹೊಟ್ಟೆ. ಅಷ್ಟು ವರ್ಷ ಮಕ್ಕಳನ್ನೇ ಹೆಣೆದ ಕೈಗೆ ಬೇರೆ ಗೊತ್ತಿರಲಿಲ್ಲ. ಗುಲಾಬಿಯಕ್ಕನ ಮಗನನ್ನು ಗಂಡಸಾಗಿ ಬೆಳೆಸಿದ ಅದೇ ಕೈ ತನ್ನ ಮಗಳ ಹತ್ತಿರ ಬರುವಾಗ ಏಳು ತಿಂಗಳಿನಲ್ಲೇ ನಿಂತುಬಿಟ್ಟಿತ್ತು. ದೂಮಪ್ಪಣ್ಣ ಬೈಯಲಿಲ್ಲ. ಇಷ್ಟು ಸಣ್ಣದಕ್ಕೆ ಧಾರೆ ಎರೆಯುವ ಹಾಗಿಲ್ಲ, ಬೆಳೆದವಳು ಬೇಕು ಎಂದು ಹೇಳಿ ಹೋದರು.

ಹಾಗಾದರೆ ಇದನ್ನು ಇಟ್ಟುಕೊಳ್ಳಿ, ಇನ್ನೊಂದು ಮಾಡಿ ಎಂದೆ ನಾನು. ಎರಡು ಮಾಡುವ ಹಾಗಿಲ್ಲವಂತೆ. ಒಬ್ಬ ಮಗಳಿಗೆ ಎರಡು ಮೈ ಇಟ್ಟರೆ ಅವಳು ಎಲ್ಲಿ ಹೋಗಬೇಕು ಎಂದು ಪ್ರೇಮಕ್ಕ ನನ್ನನ್ನೇ ಕೇಳಿದರು. ಈ ನೂಲನ್ನೇ ಬಿಚ್ಚಿ ಮತ್ತೆ ಹೆಣೆಯಬೇಕು. ಬಿಚ್ಚುವ ಮೊದಲು ಅವರು ಪೆಟ್ಟಿಗೆ ತೆರೆದು, ಅಂಗಡಿಗೆ ಕೊಡಲು ಇಟ್ಟಿದ್ದ ಫ್ರಾಕುಗಳನ್ನೆಲ್ಲ ಅದಕ್ಕೆ ಒಂದೊಂದಾಗಿ ತೊಡಿಸಿ ನೋಡಿದರು. ಹಳದಿಯದು, ಬಿಳಿ ಅಂಚಿನ ಕೆಂಪಿನದು. ಟೊಪ್ಪಿ ಹಾಕಿದರು, ತೆಗೆದರು. ನೀಲಿ ಲಂಗ, ಬಿಳಿ ಅಂಗಿಯ ಶಾಲೆಯ ಜೋಡಿಯೊಂದಿತ್ತು, ಅದನ್ನು ಹಾಕಿ ಸ್ವಲ್ಪ ಜಾಸ್ತಿ ಹೊತ್ತು ಹಾಗೇ ಕೂರಿಸಿದರು. ನನಗೆ ನೋಡಲಾಗಲಿಲ್ಲ. ಹಾಲು ಕಾಯಿಸಲಿಕ್ಕುಂಟು ಎಂದು ಸುಳ್ಳು ಹೇಳಿ ಮನೆಗೆ ಬಂದು ಅತ್ತುಬಿಟ್ಟೆ.

ಮರುದಿನದಿಂದ ಪ್ರೇಮಕ್ಕ ಮಗಳನ್ನು ದೊಡ್ಡವಳನ್ನಾಗಿ ಮಾಡಲು ಕೂತರು. ತಾಯಂದಿರು ಇಪ್ಪತ್ತು ಮೂವತ್ತು ವರ್ಷದಲ್ಲಿ ಮಾಡುವ ಕೆಲಸ, ಇವರಿಗೆ ಸಿಕ್ಕಿದ್ದು ಮುಹೂರ್ತದವರೆಗಿನ ಕೆಲವು ದಿನ. ಕಾಲು ಉದ್ದ ಮಾಡಿದರು. ಸೊಂಟ ಇಳಿಸಿದರು. ಎದೆಯ ಭಾಗಕ್ಕೆ ಬಂದಾಗ ಕಡ್ಡಿ ಕೆಳಗಿಟ್ಟು, ಇವಳಿಗೆ ಇದನ್ನೆಲ್ಲ ನಾನು ಹೇಳಿಕೊಟ್ಟೇ ಇಲ್ಲವಲ್ಲ ಎಂದರು. ಮುಖ ಮಾತ್ರ ಬರಲೇ ಇಲ್ಲ. ಬರೆದ ಕಣ್ಣನ್ನು ಎಷ್ಟು ಸಲ ಬಿಚ್ಚಿದರೋ. ತಮ್ಮನ ಮುಖ ನೋಡಿ ಮಾಡಿ, ಒಡಹುಟ್ಟಿದವರಲ್ಲವೇ ಎಂದೆ. ಅದಾದ ಮೇಲೆ ಶೋಧನ್ ಊಟಕ್ಕೆ ಕೂತಾಗಲೆಲ್ಲ ಅವರು ಎದುರಿಗೆ ಕೂತು ಅವನನ್ನೇ ನೋಡುತ್ತಿದ್ದರು. ಅವನಿಗೆ ಕಾರಣ ಗೊತ್ತಾಗಿ, ತಲೆ ಎತ್ತಿ ನಿಧಾನಕ್ಕೆ ಉಣ್ಣತೊಡಗಿದ. ನಾನು ಅವನನ್ನು ಸಣ್ಣದರಿಂದ ಬೈದವಳು, ಆವತ್ತು ಅವನ ತಲೆ ಸವರಬೇಕು ಅನ್ನಿಸಿತು. ಕೊನೆಗೆ ಮುಖ ಬಂತು. ಶೋಧನನ ಹುಬ್ಬು, ಅವನ ಗಲ್ಲ, ಉದ್ದ ಜಡೆ. ನೋಡಿದರೆ ಬಿ.ಸಿ.ರೋಡಿನ ಬಸ್ಸಿನಲ್ಲಿ ಎಲ್ಲೋ ಕಂಡ ಹುಡುಗಿ ಎನಿಸಬೇಕು, ಹಾಗಿದ್ದಳು.

ಮದುವೆ ಆಟಿಯ ಒಂದು ಭಾನುವಾರ ಬೆಳಿಗ್ಗೆ, ಪ್ರೇಮಕ್ಕನ ಅಂಗಳದಲ್ಲಿ. ಬದುಕಿರುವವರ ಮದುವೆ ಆಟಿಯಲ್ಲಿ ನಡೆಯುವುದಿಲ್ಲ, ಇಂಥದ್ದು ನಡೆಯುತ್ತದೆ. ಮಡಂತ್ಯಾರಿನಿಂದ ಎರಡು ಜೀಪಿನಲ್ಲಿ ದಿಬ್ಬಣ ಬಂತು. ಕಾಲಿಗೆ ನೀರು, ಬೆಲ್ಲ, ಎಲ್ಲ ಮರ್ಯಾದೆ ಆಯಿತು. ಗಂಡಿನ ಕಡೆಯವರು ತಡ ಮಾಡಿದರು ಎಂದು ನಮ್ಮವರು ತಮಾಷೆ ಮಾಡಿದರು, ಹುಡುಗಿಯ ಅಷ್ಟುದ್ದ ಜಡೆಯನ್ನೂ ಗಿಡ್ಡ ಎಂದು ಅವರು ಮಾಡಿದರು. ಮುಂಡಪ್ಪಣ್ಣ ಹೋಟೆಲಿಗೆ ರಜೆ ಹಾಕಿ ತಾವೇ ಒಲೆಯ ಮುಂದೆ ನಿಂತಿದ್ದರು. ಪಾಯಸಕ್ಕೆ ಬೆಲ್ಲ ಹಾಕುವಾಗ ಅವರು ಅಳುತ್ತಿದ್ದದ್ದನ್ನು ನೋಡಿದ್ದೇನೆ. ಅಷ್ಟು ವರ್ಷ ಈ ಮನುಷ್ಯನಿಗೆ ಏನೂ ಇಲ್ಲ ಎಂದುಕೊಂಡಿದ್ದೆ.

ಧಾರೆಗೆ ಮೊದಲು ಹುಡುಗನ ಕಡೆಯ ಹೆಂಗಸರು ಮದುಮಗಳಿಗೆ ಧಾರೆ ಸೀರೆ ಉಡಿಸಬೇಕು. ತವರಿನ ಬಟ್ಟೆಯೆಲ್ಲ ತೆಗೆದು ಗಂಡನ ಮನೆಯದ್ದನ್ನು ಉಡಿಸಿಯೇ ಕರೆದುಕೊಂಡು ಹೋಗುವುದು ಅವರ ಮನೆಯ ಕ್ರಮ. ಒಳಗಿನ ಕೋಣೆಯಲ್ಲಿ ಸಾತ್ವಿಕಾ ಗಂಡನ ಅಕ್ಕನನ್ನು ಎತ್ತಿ ಹಿಡಿದಿದ್ದಳು. ಹೆಂಗಸರು ಪ್ರೇಮಕ್ಕ ಹೆಣೆದ ಹಸಿರು ಸೀರೆ ಬಿಚ್ಚಿದರು, ರವಿಕೆ ಬಿಚ್ಚಿದರು. ಒಳಗೆ ಇನ್ನೊಂದು ಅಂಗಿ ಇತ್ತು. ಬಿಳಿಯದು, ತೋಳಿಲ್ಲದ್ದು, ಎಳೆ ಮಕ್ಕಳಿಗೆ ಹಾಕುವ ಅಂಗಿಯ ಹಾಗಿನದು. ಗುಬ್ಬಿ ಹುಡುಕಿದರು, ಗುಬ್ಬಿ ಇರಲಿಲ್ಲ. ತಲೆಯಿಂದ ಎಳೆದರು, ಬರಲಿಲ್ಲ. ಮೇಘಾ ಅತ್ತ ದಿನದಿಂದ ಬಿಚ್ಚಲು ಬಾರದ ಬಟ್ಟೆಯನ್ನು ಒಂದು ಗೊಂಬೆಗೂ ಹಾಕದ ಪ್ರೇಮಕ್ಕ ಆ ಅಂಗಿಯನ್ನು ಮೈಗೆ ಸೇರಿಸಿ ಹೆಣೆದುಬಿಟ್ಟಿದ್ದರು.

ಹುಡುಗನ ಸೋದರತ್ತೆಯೊಬ್ಬರು ಇದು ಕ್ರಮ ಅಲ್ಲ, ಕತ್ತರಿ ಕೊಡಿ ಎಂದರು. ಪ್ರೇಮಕ್ಕ ಬಾಗಿಲ ಹತ್ತಿರ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು. ನನ್ನ ನಾಲಗೆಯ ತುದಿಗೆ ಬಂದಿತ್ತು, ಇನ್ನೇನು ಆ ಸೋದರತ್ತೆಗೆ ನಾಲ್ಕು ಮಾತು ಆಡಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಗುಲಾಬಿಯಕ್ಕ ಮುಂದೆ ಬಂದು ಸಾತ್ವಿಕಾಳ ಕೈಯಿಂದ ಸೊಸೆಯನ್ನು ತೆಗೆದುಕೊಂಡರು.

"ಕತ್ತರಿ ಯಾಕೆ? ಹುಡುಗಿಯ ಮೈಯೇ ತವರಿನ ನೂಲಲ್ವಾ. ಎಲ್ಲಿಂದ ಶುರು ಮಾಡಿ ಎಲ್ಲಿವರೆಗೆ ಕತ್ತರಿಸ್ತೀರಿ?"

ಆ ಬಿಳಿ ಅಂಗಿಯ ಮೇಲೆಯೇ ಅವರು ರವಿಕೆ ತೊಡಿಸಿ, ಸೀರೆ ಉಡಿಸಿ, ಮಲ್ಲಿಗೆ ಮುಡಿಸಿದರು. ಧಾರೆಯಾಯಿತು. ಇಬ್ಬರ ಕೈ ಸೇರಿಸಿ ನೀರು ಎರೆದಾಗ ಉಲ್ಲನ್ ಕೈಗಳು ಒದ್ದೆಯಾಗಿ ಭಾರ ಬಂದು ಒಂದಕ್ಕೊಂದು ಅಂಟಿಕೊಂಡವು. ಕರಿಮಣಿ ಕಟ್ಟಿದರು. ಊಟವಾಯಿತು, ಪಾಯಸ ಚೆನ್ನಾಗಿತ್ತು ಎಂದು ದಿಬ್ಬಣದವರು ಹೊಗಳಿದರು.

ಅದರಿಂದ ಸಾತ್ವಿಕಾಳಿಗೆ ಒಳ್ಳೆಯದಾಯಿತೇ ಎಂದು ಕೇಳುವವರು ಬಹಳ ಮಂದಿ. ಅವರಿಗೆ ನಾನು ಉತ್ತರ ಕೊಡುವುದಿಲ್ಲ. ನಾನು ಹೇಳಹೊರಟದ್ದು ಪ್ರೇಮಕ್ಕನ ಕಥೆ, ಅವರು ಏನನ್ನು ಕೊಟ್ಟರು ಎಂದು ಕೇಳುವವರು ಯಾರೂ ಇಲ್ಲ.

ಹೊರಡುವ ಹೊತ್ತಿಗೆ ಹುಡುಗಿಯನ್ನು ಒಪ್ಪಿಸಿಕೊಡುವ ಕ್ರಮ. ತಾಯಿಯಾದವಳು ಮಗಳ ಕೈಯನ್ನು ಅತ್ತೆಯ ಕೈಗೆ ಕೊಟ್ಟು ಎಲ್ಲ ತಾಯಂದಿರೂ ಹೇಳುವುದನ್ನು ಹೇಳಬೇಕು. ಪ್ರೇಮಕ್ಕ ಹೇಳಿದರು. ಏನೂ ಗೊತ್ತಿಲ್ಲದ ಹುಡುಗಿ, ತಪ್ಪಿದರೆ ತಿದ್ದಿ, ನಿಮ್ಮ ಮಗಳ ಹಾಗೆ ನೋಡಿಕೊಳ್ಳಿ ಎಂದರು. ಕಣ್ಣೀರು ಬರಲಿಲ್ಲ. ನೆಂಟರು ಪ್ರೇಮ ಗಟ್ಟಿ ಎಂದು ಮಾತಾಡಿಕೊಂಡರು. ಗುಲಾಬಿಯಕ್ಕ ಮಗನನ್ನೂ ಸೊಸೆಯನ್ನೂ ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಕೂತರು. ಡ್ರೈವರು ಇಂಜಿನ್ ಶುರು ಮಾಡಿದ.

ಆಗ ಪ್ರೇಮಕ್ಕ ಏನೋ ಮರೆತವರ ಹಾಗೆ ಓಡಿದರು. ನಾನೂ ಹಿಂದೆ ಹೋದೆ. ಜೀಪಿನ ಬಾಗಿಲು ಹಿಡಿದು, ಬೇರೆಯವರಿಗೆ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ ಗುಲಾಬಿಯಕ್ಕನಿಗೆ ಹೇಳಿದರು.

"ಬಡಿಸುವಾಗ ಅನ್ನ ಸ್ವಲ್ಪ ಮೆತ್ತಗೆ ಕಲಸಿ ಆಯ್ತಾ ಅಕ್ಕ. ಅವಳಿಗೆ ಹಲ್ಲು ಬಂದಿರ್ಲಿಲ್ಲ."

ಗುಲಾಬಿಯಕ್ಕ ಮಡಿಲಲ್ಲಿದ್ದ ಬೆಳೆದ ಹುಡುಗಿಯನ್ನು ಒಂದು ಸಲ ನೋಡಿದರು. ನಾನೇ ಕಲಸಿ ಬಡಿಸುತ್ತೇನೆ ಎಂದು ಹೇಳಿ, ಪ್ರೇಮಕ್ಕನ ಬೆರಳುಗಳನ್ನು ಬಾಗಿಲಿನಿಂದ ಮೆಲ್ಲಗೆ ಬಿಡಿಸಿದರು.